ಹಳೇ ರಾಜಧಾನಿಯಿಂದ ಹಳೇ ರಾಜಧಾನಿಗೆ

ಮೈಸೂರಿನ ರಾಮಕೃಷ್ಣನಗರದ ಒಂದು ಮನೆಯ ಜಗಲಿ. ಮಾವ ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ನಿವೃತ್ತರಾದವರು. ಸೊಸೆ ಅವರ ಅಕ್ಕನ ಮಗಳು. ಹಗಲು ಬ್ಯಾಂಕಿನ ಕೆಲಸ, ಸಂಜೆಯಾದರೆ ನಾಟಕದ ಗೀಳು. ಅವಳ ಕೈಯಲ್ಲಿ ಪ್ರವಾಸದ ಏಜೆನ್ಸಿಯವರು ಕೊಟ್ಟ ಬಣ್ಣದ ಹಾಳೆ.

ಸೊಸೆ: ಮಾವ, ನೀವು ಜಪಾನ್ ನೋಡಿ ಬಂದವರು. ಇದನ್ನ ಸ್ವಲ್ಪ ನೋಡಿ ಹೇಳಿ. ಟೋಕಿಯೋ, ಫ್ಯೂಜಿ, ಕ್ಯೋಟೋ, ನಾರಾ, ಒಸಾಕಾ. ಬಸ್ಸು, ರೂಮು, ಊಟ ಎಲ್ಲ ಅವರದೇ.

ಮಾವ: ಕ್ಯೋಟೋಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ?

ಸೊಸೆ: ಒಂದು ಹಗಲು. ಬೆಳಿಗ್ಗೆ ಚಿನ್ನದ ಮಂಟಪ, ಮಧ್ಯಾಹ್ನ ಆ ಕೆಂಪು ಕಮಾನುಗಳ ಸಾಲು, ಸಂಜೆ ಗಿಯೋನ್ ಬೀದಿ. ರಾತ್ರಿ ಊಟಕ್ಕೆ ಒಸಾಕಾ.

ಮಾವ: ನಮ್ಮಲ್ಲಿಗೂ ಜನ ಬೆಳಿಗ್ಗೆ ಬೆಂಗಳೂರಿನಿಂದ ಬರ್ತಾರೆ. ಅರಮನೆ, ಝೂ, ಬೆಟ್ಟ ಮುಗಿಸಿ, ಬೃಂದಾವನದಲ್ಲಿ ದೀಪ ನೋಡಿ ರಾತ್ರಿಗೆ ವಾಪಸ್ಸು. ಅವರು ಮೈಸೂರು ನೋಡಿದ್ರು ಅಂದ್ರೆ ನೀನು ಒಪ್ತೀಯಾ?

ಸೊಸೆ: ಅವರೂ ಸಂತೋಷವಾಗೇ ಹೋಗ್ತಾರಲ್ಲ ಮಾವ!

ಮಾವ: ಹೋಗ್ತಾರೆ, ಬೇಡ ಅನ್ನಲ್ಲ. ಆದರೆ ನನ್ನ ಮಾತು ಕೇಳೋದಾದ್ರೆ ಆ ಐದೂರು ಬಿಡು. ಬೆಂಗಳೂರಿನಿಂದ ಟೋಕಿಯೋ ಹತ್ತಿರದ ನರಿತಾಗೆ ನೇರ ವಿಮಾನ ಇದೆ. ಟೋಕಿಯೋದಲ್ಲಿ ಶಿಂಕಾನ್ಸೆನ್ ಹತ್ತು, ಎರಡೂಕಾಲು ಗಂಟೆಗೆ ಕ್ಯೋಟೋ. ಹತ್ತಿರ ಹತ್ತಿರ 500 ಕಿಲೋಮೀಟರು ಅದು. ನಾವು ಇಲ್ಲಿಂದ ಮೆಜೆಸ್ಟಿಕ್ ಮುಟ್ಟೋದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ಅಲ್ಲೇ ಇದ್ದು, ಅಲ್ಲೇ ಅಡ್ಡಾಡಿ, ವಾಪಸ್ ಬಾ.

ಸೊಸೆ: ಆ ರೈಲಿನ ಟಿಕೆಟ್ಟು 14,000 ಯೆನ್ ಸುಮಾರು ಅನ್ನೋದನ್ನೂ ಸೇರಿಸಿ ಹೇಳಿ. ಅಷ್ಟು ಖರ್ಚು ಮಾಡಿ ಒಂದೇ ಊರಾ? ಅದೂ ಎಂಥ ಊರು, ಅರಮನೆ, ದೇವಸ್ಥಾನ, ರೇಷ್ಮೆ! ಇದನ್ನು ನೋಡೋಕೆ ಮೈಸೂರಿನವಳು ಜಪಾನಿಗೆ ಹೋಗಬೇಕಾ?

ಮಾವ: ಮೈಸೂರಿನವಳು ಅನ್ನೋ ಕಾರಣಕ್ಕೇ ಹೋಗಬೇಕು. ಬೇರೆಯವರಿಗೆ ಅದು ಚೆಂದದ ಊರು, ಅಷ್ಟೇ. ನಮಗೆ ಅದು ನಮ್ಮ ಹಾಗೇ ಪಾಡು ಪಟ್ಟ ಊರು. 794ರಿಂದ ಸಾವಿರ ವರ್ಷಕ್ಕೂ ಮೇಲ್ಪಟ್ಟು ರಾಜಧಾನಿಯಾಗಿತ್ತು. 1868ರಲ್ಲಿ ಆಳ್ವಿಕೆಯ ರೀತಿಯೇ ಬದಲಾಯ್ತು, ಮರುವರ್ಷದ ಹೊತ್ತಿಗೆ ಚಕ್ರವರ್ತಿ ಟೋಕಿಯೋ ಸೇರಿಬಿಟ್ಟ. ಅವನ ಹಿಂದೆ ಆಸ್ಥಾನದವರು ಹೋದರು. ಆಸ್ಥಾನದವರನ್ನೇ ನಂಬಿಕೊಂಡಿದ್ದ ನೇಕಾರರು, ಬೀಸಣಿಗೆ ಮಾಡೋರು, ಮಿಠಾಯಿ ಮಾಡೋರು ಬಾಯಿ ಬಾಯಿ ಬಿಟ್ಟರು. ಜನ ಊರು ಬಿಟ್ಟರು. ನಮ್ಮಲ್ಲೂ 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡು ಬೆಂಗಳೂರಿಗೆ ಒಯ್ದರಲ್ಲ? ಅರಮನೆ ಇಲ್ಲಿ, ಅಧಿಕಾರ ಅಲ್ಲಿ.

ಸೊಸೆ: ನಾವು ಪಿಂಚಣಿದಾರರ ಸ್ವರ್ಗ ಅನ್ನಿಸಿಕೊಂಡ್ವಿ. ಅವರು?

ಮಾವ: ಅವರು ಬೆಟ್ಟ ಕೊರೆದರು. ಊರಿನ ಪೂರ್ವಕ್ಕೆ ಬೆಟ್ಟದ ಆಚೆ ಬಿವಾ ಸರೋವರ ಇದೆ, ಜಪಾನಿನಲ್ಲೇ ದೊಡ್ಡದು. ಅದರ ನೀರು ಊರಿಗೆ ತರಬೇಕು ಅಂತ ಕಿತಗಾಕಿ ಅನ್ನೋ ಗವರ್ನರ್ ಹಟ ಹಿಡಿದ. ಕೆಲಸ ವಹಿಸಿದ್ದು ಯಾರಿಗೆ ಅಂತೀಯ? ತನಾಬೆ ಸಕುರೊ. 1883ರಲ್ಲಿ ಎಂಜಿನಿಯರಿಂಗ್ ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಹುಡುಗ, ಇಪ್ಪತ್ತೊಂದು ವರ್ಷ. ಓದು ಮುಗಿಸುವಾಗ ಅವನು ಬರೆದ ಪ್ರಬಂಧವೇ ಈ ಕಾಲುವೆಯ ಮೇಲೆ. ದೊಡ್ಡ ಕೆಲಸ ಅಂದ್ರೆ ದೇಶದಲ್ಲಿ ಹೆಚ್ಚಾಗಿ ಬಿಳಿಯ ಎಂಜಿನಿಯರುಗಳನ್ನೇ ಕೇಳುತ್ತಿದ್ದ ಕಾಲ ಅದು. 1885ರಲ್ಲಿ ಶುರು, 1890ಕ್ಕೆ ಮುಗೀತು. ಮೊದಲನೇ ಸುರಂಗವೇ 2,436 ಮೀಟರ್. ಆ ಕಾಲಕ್ಕೆ ಜಪಾನಿನಲ್ಲಿ ಅಷ್ಟುದ್ದದ್ದು ಇನ್ನೊಂದಿರಲಿಲ್ಲ.

ಸೊಸೆ: ನೀರು ಬಂತು. ರಾಜಧಾನಿ ಹೋದ ದುಃಖಕ್ಕೂ ಅದಕ್ಕೂ ಏನು?

ಮಾವ: ಕೇಳು. ಮೊದಲು ಲೆಕ್ಕ ಹಾಕಿದ್ದು ದೋಣಿ ಓಡಿಸೋಕೆ, ಗದ್ದೆಗೆ, ನೀರಿನ ಚಕ್ರ ತಿರುಗಿಸಿ ಕಾರ್ಖಾನೆ ನಡೆಸೋಕೆ. ಕೆಲಸ ಅರ್ಧ ಆಗಿರುವಾಗ, 1888ರಲ್ಲಿ, ತನಾಬೆ ಅಮೆರಿಕಕ್ಕೆ ಹೋದ. ಕೊಲೊರಾಡೊದ ಆಸ್ಪೆನ್ ಅನ್ನೋ ಗಣಿ ಊರಿನಲ್ಲಿ ನೀರಿನಿಂದ ವಿದ್ಯುತ್ ತೆಗೀತಿದ್ರು. ಅದನ್ನ ನೋಡಿಕೊಂಡು ಬಂದವನೇ ನಕ್ಷೆ ತಿದ್ದಿಬಿಟ್ಟ. 1891ರಲ್ಲಿ ಕೆಯಾಗೆ ವಿದ್ಯುತ್ ಕೇಂದ್ರ ಶುರುವಾಯ್ತು. 1895ಕ್ಕೆ ಕ್ಯೋಟೋ ಬೀದಿಯಲ್ಲಿ ಟ್ರಾಮ್ ಓಡಿತು, ಜಪಾನಿನಲ್ಲೇ ಮೊದಲನೇ ವಿದ್ಯುತ್ ಟ್ರಾಮ್. ಟೋಕಿಯೋದಲ್ಲಲ್ಲ, ರಾಜಧಾನಿ ಕಳಕೊಂಡ ಊರಲ್ಲಿ.

ಸೊಸೆ: ನಮ್ಮ ಶಿವನಸಮುದ್ರ 1902 ಅಲ್ವಾ?

ಮಾವ: ಹೌದು, ಹನ್ನೊಂದು ವರ್ಷ ಆಮೇಲೆ. ಆದರೆ ವ್ಯತ್ಯಾಸ ಇಸವಿಯದಲ್ಲ. ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಎಲ್ಲಿಗೆ? 147 ಕಿಲೋಮೀಟರು ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ, ಇಂಗ್ಲಿಷ್ ಕಂಪನಿಯ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಅರಮನೆ ಇರೋ ಮೈಸೂರಿಗೆ 1908ರಲ್ಲಿ. ಅವರ ಕರೆಂಟು ಅವರ ಊರಿನ ಕಾರ್ಖಾನೆಗೆ, ಅವರ ಟ್ರಾಮಿಗೆ ಹೋಯ್ತು. ನಮ್ಮ ಎಂಜಿನಿಯರುಗಳು ಕಡಿಮೆಯವರಾಗಿದ್ರು ಅಂತಲ್ಲ, ನಮ್ಮ ಕೈಲಿ ಬೀಗದ ಕೈ ಇರಲಿಲ್ಲ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ಸುತ್ತಿ ಬಂದಿದ್ರು. 1912ರಲ್ಲಿ ದಿವಾನರಾದ ಮೇಲೆ ಬ್ಯಾಂಕು, ವಿಶ್ವವಿದ್ಯಾಲಯ, ಕಾರ್ಖಾನೆ ಅಂತ ಅವರು ಪಟ್ಟ ಅವಸರ ಇದೆಯಲ್ಲ, ಅದರ ಹಿಂದೆ ಆ ಪ್ರವಾಸ ಇದ್ದೇ ಇದೆ.

ಸೊಸೆ: ಇಷ್ಟೆಲ್ಲ ಸರಿ. ನಾನು ಹೋಗಿ ನೋಡೋಕೆ ಅಲ್ಲಿ ಏನಿದೆ? ಸುರಂಗದೊಳಗೆ ಇಳೀಲಾ?

ಮಾವ: ನಾನ್ಜೆನ್‌ಜಿ ಅಂತ ದೊಡ್ಡ ಝೆನ್ ದೇವಾಲಯ ಇದೆ. ಅದರ ಅಂಗಳದಲ್ಲೇ ಇಟ್ಟಿಗೆಯ ಕಮಾನುಗಳ ಮೇಲೆ ಕಾಲುವೆ ಹಾದು ಹೋಗುತ್ತೆ. ಮರದ ದೇವಾಲಯ, ಪಕ್ಕದಲ್ಲಿ ರೋಮನ್ನರು ಕಟ್ಟಿದ ಹಾಗಿರೋ ಕೆಂಪು ಕಮಾನು. ಕಟ್ಟುವಾಗ ಬೈದವರು ಇದ್ದರು, ಈಗ ಮದುವೆ ಫೋಟೋ ತೆಗೆಸೋರು ಅದರ ಕೆಳಗೇ ನಿಲ್ತಾರೆ. ಮೇಲೆ ಹತ್ತಿ ನೋಡಿದ್ರೆ ನೀರು ಇವತ್ತಿಗೂ ಹರೀತಿದೆ. ಅಲ್ಲಿಂದ ಸ್ವಲ್ಪ ನಡೆದರೆ ಕೆಯಾಗೆ ಇಳಿಜಾರು, 582 ಮೀಟರ್ ಹಳಿ. ದೋಣಿಯನ್ನೇ ಗಾಡಿ ಮೇಲೆ ಕೂರಿಸಿ ಎಳೀತಿದ್ರು. ಈಗ ಹಳಿಯ ಎರಡೂ ಕಡೆ ಚೆರ್ರಿ ಮರ. 2025ರಲ್ಲಿ ಆ ಕಾಲುವೆಯ ಕೆಲವು ಕಟ್ಟಡಗಳನ್ನು ರಾಷ್ಟ್ರೀಯ ನಿಧಿ ಅಂತ ಸಾರಿದ್ರು. ಬುದ್ಧನ ವಿಗ್ರಹಕ್ಕೆ ಕೊಡೋ ಮರ್ಯಾದೆ, ಇಟ್ಟಿಗೆ ಕಾಲುವೆಗೆ.

ಸೊಸೆ: ನನ್ನ ಹಾಳೆಯಲ್ಲಿ ಇದು ಇಲ್ಲವೇ ಇಲ್ಲ.

ಮಾವ: ಇರಲ್ಲ. ಬಸ್ ನಿಲ್ಲಿಸೋ ಜಾಗ ಅಲ್ಲ ಅದು.

ಸೊಸೆ: ನನಗೆ ಬೇರೆ ಒಂದು ಆಸೆ ಇತ್ತು. ಕಬುಕಿ ನೋಡಬೇಕು. ಅದು ಹುಟ್ಟಿದ್ದೇ ಕ್ಯೋಟೋದಲ್ಲಂತೆ. ಕಾಮೊ ನದಿಯ ಮರಳ ದಂಡೆ ಮೇಲೆ, 1603ರ ಹೊತ್ತಿಗೆ, ಒಕುನಿ ಅನ್ನೋ ಹೆಂಗಸು ಗಂಡಸಿನ ವೇಷ ಹಾಕಿ ಕುಣಿದಳಂತೆ. ಮುಂದೆ 1629ರಲ್ಲಿ ಹೆಂಗಸರು ರಂಗದ ಮೇಲೆ ಬರಬಾರದು ಅಂತ ಸರ್ಕಾರವೇ ನಿಷೇಧ ಹಾಕಿ, ಹೆಣ್ಣು ವೇಷವೆಲ್ಲ ಗಂಡಸರ ಪಾಲಾಯ್ತು. ಹೆಂಗಸು ಹುಟ್ಟಿಸಿದ ಆಟದಿಂದ ಹೆಂಗಸನ್ನೇ ಓಡಿಸಿದ್ರು! ನಮ್ಮ ಯಕ್ಷಗಾನದ ಸ್ತ್ರೀವೇಷ ನೋಡಿದವಳಿಗೆ ಇದನ್ನ ಕಣ್ಣಾರೆ ನೋಡಬೇಕು ಅನ್ನಿಸಲ್ವಾ? ಇಲ್ಲೇ ನಮ್ಮ 'ನಟನ'ದಲ್ಲಿ ಪರದೆ ಏಳೋ ಮುಂಚೆ ನೇಪಥ್ಯದಲ್ಲಿ ನಿಂತಾಗ ಎಷ್ಟೋ ಸಲ ಆ ಒಕುನಿಯ ನೆನಪು ಬರುತ್ತೆ.

ಮಾವ: ನದಿ ದಂಡೆಯಲ್ಲೇ ಮಿನಾಮಿಜಾ ಅಂತ ರಂಗಮಂದಿರ ಇದೆ, ವರ್ಷದ ಕೊನೆಯಲ್ಲಿ ದೊಡ್ಡ ನಟರೆಲ್ಲ ಅಲ್ಲಿ ಸೇರ್ತಾರೆ. ನಿನ್ನ ಕಾರಣ ನನ್ನದಕ್ಕಿಂತ ಚೆನ್ನಾಗಿದೆ ಕಣೇ.

ಸೊಸೆ: ಇನ್ನೊಂದಿದೆ. ನಮ್ಮ ಬಡಾವಣೆಗೆ ಹೆಸರು ಬಂದಿದ್ದು ಯಾರಿಂದ? ಆ ಗುರುವಿನ ಶಿಷ್ಯರು ನಮಗಿಂತ ಮೊದಲೇ ಹೋಗಿ ಬಂದಿದ್ದಾರೆ. ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದು ಚಾಮರಾಜ ಒಡೆಯರ ಅತಿಥಿಯಾಗಿದ್ರು. ಮರುವರ್ಷ ಷಿಕಾಗೋಗೆ ಹೋಗೋ ದಾರಿಯಲ್ಲಿ ಒಸಾಕಾ, ಕ್ಯೋಟೋ, ಟೋಕಿಯೋ ಮೂರನ್ನೂ ನೋಡಿದ್ರು. ಯೊಕೊಹಾಮಾದಿಂದ ಜುಲೈ 10ಕ್ಕೆ ಬರೆದ ಕಾಗದ ಇದೆ. ನಮ್ಮ ಹುಡುಗರು ವರ್ಷಾ ವರ್ಷಾ ಜಪಾನಿಗೆ, ಚೀನಾಕ್ಕೆ ಹೋಗಿ ನೋಡಬೇಕು ಅನ್ನೋದು ಅದರ ಅಭಿಪ್ರಾಯ. ಅಲ್ಲಿನ ದೇವಾಲಯಗಳಲ್ಲಿ ಹಳೇ ಬಂಗಾಳಿ ಅಕ್ಷರದ ಹಾಗಿರೋ ಲಿಪಿಯಲ್ಲಿ ಸಂಸ್ಕೃತ ಮಂತ್ರ ನೋಡಿದ್ದನ್ನೂ ಬರೆದಿದ್ದಾರೆ.

ಮಾವ: ಅದೇ ಯೊಕೊಹಾಮಾದಿಂದ ಅವರು ಹತ್ತಿದ ಹಡಗಿನಲ್ಲಿ ಜಮ್ಷೆಟ್‌ಜಿ ಟಾಟಾ ಇದ್ರು. ಟಾಟಾ ಅವರು ಆಮೇಲೆ ಬೆಂಗಳೂರಿನಲ್ಲಿ ಜಪಾನಿನವರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ರು. ಬಸವನಗುಡಿ ಹತ್ತಿರ ಇವತ್ತಿಗೂ ಟಾಟಾ ಸಿಲ್ಕ್ ಫಾರ್ಮ್ ಅಂತಲೇ ಕರೀತಾರೆ, ತೋಟ ಮಾತ್ರ ಇಲ್ಲ. ಲಿಪಿಯ ಮಾತು ಬಂತಲ್ಲ, ಕ್ಯೋಟೋದಲ್ಲಿ ನಿನಗೆ ಗುರುತಿನವರು ಬಹಳ ಜನ ಸಿಗ್ತಾರೆ. ತೋಜಿ ದೇವಾಲಯದಲ್ಲಿ ಇಪ್ಪತ್ತೊಂದು ವಿಗ್ರಹಗಳ ಮಂಡಲ ಇದೆ. ಆನೆ ಮೇಲೆ ಕೂತವನು ಇಂದ್ರ. ಹಂಸಗಳ ಮೇಲೆ ನಾಲ್ಕು ಮುಖದವನು ಯಾರು ಅಂತ ನಿನಗೆ ಹೇಳಬೇಕಾಗಿಲ್ಲ. ಸಾನ್‌ಜೂಸಾನ್‌ಗೆನ್‌ಡೋ ಅಂತ ಇನ್ನೊಂದು, 120 ಮೀಟರ್ ಉದ್ದದ ಮರದ ಮಂಟಪ. ಒಳಗೆ ಸಾವಿರದ ಒಂದು ಕಾನ್ನೋನ್ ವಿಗ್ರಹ, ನಮ್ಮ ಅವಲೋಕಿತೇಶ್ವರ. ಮುಂದೆ ಕಾವಲಿಗೆ ಇಪ್ಪತ್ತೆಂಟು ದೇವತೆಗಳು. ಅವರಲ್ಲಿ ಗರುಡ ಇದ್ದಾನೆ, ಕೊಳಲು ಊದ್ತಾ!

ಸೊಸೆ: ಗರುಡನಿಗೆ ಕೊಳಲು ಕೊಟ್ಟವರು ಯಾರು? ಫೋಟೋ ತೆಗೆದು ಅಮ್ಮನಿಗೆ ಕಳಿಸಬೇಕು.

ಮಾವ: ಫೋಟೋ ತೆಗೆಯೋ ಹಾಗಿಲ್ಲ. ನಿಂತು ನೋಡಿ ಬರಬೇಕು. ಆ ಮಂಟಪ ಒಂದು ಸಲ ಸುಟ್ಟು 1266ರಲ್ಲಿ ಮತ್ತೆ ಎದ್ದಿದ್ದು. ಬೆಂಕಿಯ ವಿಚಾರದಲ್ಲೂ ನಾವು ನೆಂಟರೇ. ನಮ್ಮ ಮರದ ಅರಮನೆ 1897ರಲ್ಲಿ ಮದುವೆ ಮನೆಯಲ್ಲೇ ಸುಟ್ಟು, ಈಗಿನದು 1912ಕ್ಕೆ ಮುಗೀತು. ಅವರ ಅರಮನೆ ಎಷ್ಟೋ ಸಲ ಸುಟ್ಟಿದೆ, ಈಗಿರೋದು 1855ರದ್ದು. ಆ ಚಿನ್ನದ ಮಂಟಪಕ್ಕೆ 1950ರಲ್ಲಿ ಒಬ್ಬ ಎಳೇ ಸನ್ಯಾಸಿಯೇ ಬೆಂಕಿ ಇಟ್ಟ, 1955ಕ್ಕೆ ಮತ್ತೆ ಕಟ್ಟಿದ್ರು. ಆದರೆ ನಾವು ಸುಟ್ಟ ಮೇಲೆ ಕಲ್ಲು, ಕಬ್ಬಿಣಕ್ಕೆ ಹೋದ್ವಿ. ಅವರು ಮತ್ತೆ ಮರದಲ್ಲೇ ಕಟ್ಟಿದ್ರು. ಎರಡನ್ನೂ ನೋಡಿದವನಿಗೆ ಯಾವುದು ಸರಿ ಅಂತ ಹೇಳೋ ಧೈರ್ಯ ಬರಲ್ಲ.

ಸೊಸೆ: ರೇಷ್ಮೆ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ ನೀವು. ಇಷ್ಟು ಹೊತ್ತು ತಡೆದುಕೊಂಡಿದ್ದೇ ಆಶ್ಚರ್ಯ.

ಮಾವ: ಕೇಳಿದ ಮೇಲೆ ಬಿಡ್ತೀನಾ! ನಿಶಿಜಿನ್ ಅಂತ ನೇಕಾರರ ಕೇರಿ. ಕಿಮೋನೋದ ಮೇಲೆ ಸೊಂಟಕ್ಕೆ ಸುತ್ತೋ ಅಗಲದ ಪಟ್ಟಿ, ಒಬಿ, ಅದರಲ್ಲಿ ಅವರಿಗೆ ಸಾಟಿ ಇಲ್ಲ. ರಾಜಧಾನಿ ಹೋದಾಗ ಎಲ್ಲರಿಗಿಂತ ಮೊದಲು ಪೆಟ್ಟು ಬಿದ್ದಿದ್ದು ಅವರಿಗೆ. 1872ರಲ್ಲೇ ಫ್ರಾನ್ಸಿನ ಲಿಯಾನ್‌ಗೆ ಕೆಲಸಗಾರರನ್ನು ಕಳಿಸಿ ಜಕಾರ್ಡ್ ಮಗ್ಗ ಕಲಿತು ಬಂದರು. ನಾಲ್ವಡಿಯವರು 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿದ್ದು ಇದೇ ಬಗೆಯ ಯೋಚನೆ. ನಮ್ಮ ಮಾನಂದವಾಡಿ ರಸ್ತೆಯ ಕಾರ್ಖಾನೆ ಸದ್ದು ನಿನಗೆ ಗೊತ್ತೇ ಇದೆ. ನಿಶಿಜಿನ್‌ನಲ್ಲಿ ಇನ್ನೊಂದು ನೇಯ್ಗೆ ಇದೆ, ಮಗ್ಗದವರು ತಮ್ಮ ಉಗುರಿನ ತುದಿಯನ್ನು ಗರಗಸದ ಹಲ್ಲಿನ ಹಾಗೆ ಅರದಿಂದ ಕೊರೆದುಕೊಂಡು, ಆ ಉಗುರಿನಿಂದಲೇ ಹಾಸಿನ ಎಳೆಗೆ ಹೊಕ್ಕಿನ ಎಳೆ ಬಡಿದು ಕೂರಿಸ್ತಾರೆ. ಒಂದು ದಿನಕ್ಕೆ ಅಂಗೈ ಅಗಲ ಆದರೆ ಅದೃಷ್ಟ.

ಸೊಸೆ: ಆ ನೂಲು ಅವರದೇನಾ?

ಮಾವ: ಅಲ್ಲೇ ಇರೋದು ಕಥೆ. 1930ರ ಹೊತ್ತಿಗೆ ಜಪಾನಿನಲ್ಲಿ 20 ಲಕ್ಷಕ್ಕೂ ಹೆಚ್ಚು ರೈತರ ಮನೆಯಲ್ಲಿ ಹುಳು ಸಾಕ್ತಿದ್ರು. ಆಮೇಲೆ ನೈಲಾನ್ ಬಂತು, ಯುದ್ಧ ಬಂತು, ಹಳ್ಳಿಯ ಮಕ್ಕಳು ಕಾರ್ಖಾನೆಗೆ ಹೋದರು. ನಾನು ಹೋದಾಗಲೇ ಹಿಪ್ಪುನೇರಳೆ ತೋಟ ಹುಡುಕಿಕೊಂಡು ಹೋಗಬೇಕಿತ್ತು. ಅದೇ ಕಾಲಕ್ಕೆ, 1991ರಿಂದ, ಜಪಾನಿನ ನೆರವಿನ ದ್ವಿತಳಿ ರೇಷ್ಮೆ ಯೋಜನೆ ನಮ್ಮ ಸಂಸ್ಥೆಗೆ ಬಂತು, 2007ರವರೆಗೆ ನಡೀತು. ಅಲ್ಲಿಂದ ತಜ್ಞರು ಬಂದು ಶ್ರೀರಾಂಪುರದಲ್ಲಿ ನಮ್ಮ ಜೊತೆ ಹುಳಕ್ಕೆ ಸೊಪ್ಪು ಹಾಕಿದ್ರು. ಇಲ್ಲಿನ ಸೆಕೆಗೆ ದ್ವಿತಳಿ ನಿಲ್ಲಲ್ಲ ಅಂತ ಎಲ್ಲರೂ ಹೇಳ್ತಿದ್ರು. ನಿಂತಿತು. ಸಿಎಸ್‌ಆರ್2, ಸಿಎಸ್‌ಆರ್4 ಅಡ್ಡತಳಿ ಆಗಲೇ ಬಂದಿದ್ದು. ಬಿಳೀ ಗೂಡು, ಒಂದೊಂದರಲ್ಲೂ ಸಾವಿರ ಮೀಟರ್ ಮೇಲ್ಪಟ್ಟು ಎಳೆ. ಹುಳು ಸಾಕಾಣಿಕೆ ಅಲ್ಲಿ ಅಳಿಯೋ ಹೊತ್ತಿಗೆ ಆ ವಿದ್ಯೆ ಇಲ್ಲಿ ಬೇರು ಬಿಟ್ಟಿತು. ನಿಶಿಜಿನ್ನಿನ ಮಗ್ಗದ ಮುಂದೆ ನಿಂತಾಗ ನನಗೆ ಅನ್ನಿಸಿದ್ದು ಇಷ್ಟೇ: ಹುಳು ನಮ್ಮ ಹತ್ತಿರ ಉಳೀತು, ಉಗುರು ಅವರ ಹತ್ತಿರ ಉಳೀತು.

ಸೊಸೆ: ಅಂದರೆ ಹೋಗಿ ನೋಡಬೇಕಾಗಿರೋದು ಉಗುರು!

ಮಾವ: ನಗಬೇಡ. ಹಳೇ ಊರು ಉಳಿಯೋದು ಅಂಥದ್ದರಲ್ಲೇ. ನಿಂಟೆಂಡೊ ಅಂತ ವಿಡಿಯೋ ಆಟದ ಕಂಪನಿ ಗೊತ್ತಲ್ಲ, ಅದು 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನ ಹಾಗಿರೋ ಹೂವಿನ ಎಲೆ ಮಾಡ್ತಾ ಶುರುವಾಗಿದ್ದು. ನಮ್ಮ ಮುಮ್ಮಡಿ ಕೃಷ್ಣರಾಜರು ಗಂಜೀಫಾದಲ್ಲಿ ಎಷ್ಟೆಷ್ಟು ಹೊಸ ಆಟ ಕಟ್ಟಿದ್ರು! ನಮ್ಮ ಎಲೆ ಸಂಗ್ರಹಾಲಯ ಸೇರಿತು, ಅವರ ಎಲೆ ಪ್ರಪಂಚದ ಮಕ್ಕಳ ಕೈ ಸೇರಿತು.

ಸೊಸೆ: ನೀವು ಕ್ಯೋಟೋನ ಸ್ವಲ್ಪ ಜಾಸ್ತಿಯೇ ಹೊಗಳ್ತಿದ್ದೀರಿ. ಈಗಿನ ಸುದ್ದಿ ನಾನು ಹೇಳ್ತೀನಿ. ಊರಿನವರಿಗೆ ಬಸ್ಸು ಹತ್ತೋಕೆ ಜಾಗ ಇಲ್ಲ. ಪ್ರವಾಸಿಗರು ಮುಗಿಬೀಳ್ತಾರೆ ಅಂತ ಬಸ್ಸಿನ ದಿನದ ಪಾಸನ್ನೇ 2023ರಲ್ಲಿ ಮಾರೋದು ನಿಲ್ಲಿಸಿದ್ರು. ಗಿಯೋನ್‌ನಲ್ಲಿ ಗೇಯ್ಕೊ ನರ್ತಕಿಯರನ್ನ ಅಟ್ಟಿಸಿಕೊಂಡು ಹೋಗಿ ಫೋಟೋ ತೆಗೀತಾರೆ ಅಂತ 2024ರಿಂದ ಖಾಸಗಿ ಗಲ್ಲಿಗಳಿಗೆ ಪ್ರವೇಶ ಇಲ್ಲ, ಹೋದರೆ 10,000 ಯೆನ್ ದಂಡ. ರೂಮಿನ ಮೇಲೆ ಒಂದು ತೆರಿಗೆ ಇದೆ, ಮಾರ್ಚ್ 2026ರಿಂದ ಅದನ್ನ ಏರಿಸಿದ್ದಾರೆ, ಬಹಳ ದುಬಾರಿ ರೂಮಿಗೆ ರಾತ್ರಿಗೆ ತಲೆಗೆ 10,000 ಯೆನ್‌ವರೆಗೂ. ಬೇಡ ಅನ್ನೋರ ಮನೆಗೆ ಹೋಗೋದು ಹೇಗೆ?

ಮಾವ: ನಿನ್ನ ಥರದವರ ರೂಮಿಗೆ ಎಷ್ಟು?

ಸೊಸೆ: 6,000 ಯೆನ್ ಒಳಗಿದ್ರೆ 200, ಅಲ್ಲಿಂದ 20,000ದ ಒಳಗಿದ್ರೆ 400.

ಮಾವ: ಕೊಡಬಹುದು. ಅವರು ಬೇಡ ಅಂತಿರೋದು ನಿನ್ನನ್ನಲ್ಲ, ಒಂದು ಹಗಲಿಗೆ ಬರೋ ಬಸ್ಸುಗಳನ್ನ. ಬೆಳಿಗ್ಗೆ ಎದ್ದು ಎಲ್ಲರೂ ಅದೇ ಮೂರು ಜಾಗಕ್ಕೆ ಹೋದರೆ ಯಾವ ಊರು ತಡೆಯುತ್ತೆ? ದಸರೆಯಲ್ಲಿ ನಾವು ಅರಮನೆ ಕಡೆ ತಲೆ ಹಾಕಲ್ಲ. ನಾಲ್ಕು ದಿನ ಅಲ್ಲೇ ಇರೋಳು ಸುರಂಗದ ರೈಲು ಹತ್ತಬಹುದು, ನಡೀಬಹುದು, ನದಿ ದಂಡೆಯಲ್ಲಿ ಕೂರಬಹುದು. 21ನೇ ತಾರೀಖು ಇದ್ದರೆ ತೋಜಿಯಲ್ಲಿ ಸಂತೆ, ಹಳೇ ಬಟ್ಟೆ, ಪಿಂಗಾಣಿ, ಉಪ್ಪಿನಕಾಯಿ. 25ಕ್ಕೆ ಕಿತಾನೊ ದೇಗುಲದಲ್ಲಿ ಇನ್ನೊಂದು. ಮುಟ್ಟಿ ನೋಡಿ ಬೆಲೆ ಕೇಳೋಕೆ ಯಾರೂ ಬೇಡ ಅನ್ನಲ್ಲ.

ಸೊಸೆ: ಊಟ? ಅತ್ತೆ ಕೇಳಿದ್ರೆ ಮೊದಲ ಪ್ರಶ್ನೆ ಇದೇ.

ಮಾವ: ಮೊದಲೇ ಹೇಳಿಬಿಡ್ತೀನಿ, ಬರೀ ತರಕಾರಿ ಅಂದುಕೊಂಡಿದ್ದರಲ್ಲೂ ಒಣ ಮೀನಿನ ತಿಳಿಸಾರು ಇರುತ್ತೆ, ದಾಶಿ ಅಂತಾರೆ. ಕೇಳಿಯೇ ತಿನ್ನಬೇಕು. ಆದರೆ ಜಪಾನಿನಲ್ಲಿ ನಮ್ಮಂಥವರಿಗೆ ಹೊಟ್ಟೆ ತುಂಬೋ ಊರು ಅಂದ್ರೆ ಕ್ಯೋಟೋನೇ. ಸನ್ಯಾಸಿಗಳ ಅಡುಗೆ, ಶೋಜಿನ್ ಊಟ ಅಂತ ಇದೆ, ಮೀನಿಲ್ಲ, ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಾನ್ಜೆನ್‌ಜಿ ಸುತ್ತ ಬಿಸಿ ತೋಫು ಮಾಡೋ ಹಳೇ ಮನೆಗಳಿವೆ. ಅಲ್ಲೂ ದಾಶಿ ಕೇಳಿಕೋ. ನಿನ್ನತ್ತೆ ಚಟ್ನಿಪುಡಿ ಕಟ್ಟಿ ಕೊಡ್ತಾಳೆ, ಅದೂ ಇರಲಿ.

ಸೊಸೆ: ಸರಿ, ಊರು ಹೇಗೆ ಕಾಣುತ್ತೆ? ರೈಲಿಳಿದ ತಕ್ಷಣ ಹಳೇ ಕ್ಯೋಟೋ ಎದುರಿಗೆ ಬರುತ್ತಾ?

ಮಾವ: ಇಲ್ಲ. ಎದುರಿಗೆ ಬರೋದು 1964ರಲ್ಲಿ ಕಟ್ಟಿದ ಒಂದು ಗೋಪುರ, 131 ಮೀಟರ್, ನೋಡೋಕೆ ಒಳ್ಳೇ ಬಿಳೀ ಮೇಣದಬತ್ತಿ. ಹಿಂದೆ ಗಾಜು ಉಕ್ಕಿನ ದೊಡ್ಡ ನಿಲ್ದಾಣ. ಆ ಗೋಪುರಕ್ಕೆ ಊರೆಲ್ಲ ಬೈದಿತ್ತು, ಆದರೂ ಎದ್ದಿತು. ಹಳೇ ಮರದ ಮನೆಗಳೂ ಹೋಗ್ತಾ ಇವೆ. 2016ರ ಎಣಿಕೆಯಲ್ಲಿ 40,000 ಚಿಲ್ಲರೆ ಉಳಿದಿದ್ವು, ದಿನಕ್ಕೆ ಎರಡರ ಲೆಕ್ಕದಲ್ಲಿ ಕೆಡವುತ್ತಿದ್ರು. ಹಾಗಂತ ಕೈ ಕಟ್ಟಿ ಕೂತಿಲ್ಲ. 2007ರಲ್ಲಿ ಊರಿನ ಮಧ್ಯೆ ಕಟ್ಟಡದ ಎತ್ತರ 45 ಮೀಟರಿನಿಂದ 31ಕ್ಕೆ ಇಳಿಸಿದ್ರು. ಮಹಡಿ ಮೇಲಿನ ಜಾಹೀರಾತು, ಮಿಣುಕು ದೀಪದ ಫಲಕ ಎಲ್ಲ ಬಂದ್. ಆಗಸ್ಟ್ 16ರ ರಾತ್ರಿ ಸುತ್ತಲ ಬೆಟ್ಟದ ಮೇಲೆ ಅಕ್ಷರದ ಆಕಾರದಲ್ಲಿ ಬೆಂಕಿ ಹಚ್ತಾರೆ, ಊರಿನ ಇಂತಿಂಥ ಜಾಗದಿಂದ ಆ ಬೆಟ್ಟ ಕಾಣಲೇಬೇಕು, ಅಡ್ಡ ಕಟ್ಟಡ ಏಳಬಾರದು ಅಂತ ನಿಯಮ.

ಸೊಸೆ: ಚಾಮುಂಡಿಬೆಟ್ಟ ಕಾಣಲೇಬೇಕು ಅಂತ ನಮ್ಮಲ್ಲಿ ಯಾರಾದರೂ ಬರೆದಿಟ್ಟಿದ್ದಾರಾ?

ಮಾವ: ಊರನ್ನ ಅಂದಗೊಳಿಸೋಕೇ ಅಂತ 1903ರಲ್ಲೇ ಟ್ರಸ್ಟ್ ಬೋರ್ಡ್ ಮಾಡಿದ ಊರು ನಮ್ಮದು. ಆದರೆ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿತ್ತು, ಪ್ರಾಣ ಹೋಯ್ತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕು ಅನ್ನೋರು, ಉಳಿಸಬೇಕು ಅನ್ನೋರು ಕೋರ್ಟು ಹತ್ತಿದ್ರು. ನಾನು ಯಾವ ಪಕ್ಷಾನೂ ಅಲ್ಲ. ಆದರೆ ನಿಶಿಕಿ ಅಂತ ಕ್ಯೋಟೋದಲ್ಲಿ ಕಿರುಬೀದಿಯ ಮಾರುಕಟ್ಟೆ ಇದೆ, ಶತಮಾನಗಳಿಂದ ನಡೀತಾ ಇರೋದು. ಅಲ್ಲಿ ಓಡಾಡುವಾಗ ನನ್ನ ಕಣ್ಣು ತರಕಾರಿ ಮೇಲಿರಲಿಲ್ಲ. ಚಾವಣಿ, ಚರಂಡಿ, ಕರೆಂಟು ತಂತಿ ನೋಡ್ತಿದ್ದೆ. ಪ್ರವಾಸಿಗರಿಗೆ ಇವನೇನು ನೋಡ್ತಾನೆ ಅನ್ನಿಸಿರಬೇಕು.

ಸೊಸೆ: ಹಬ್ಬದ ವಿಚಾರ ಬಿಟ್ಟೇ ಬಿಟ್ರಿ. ಜುಲೈಯಲ್ಲಿ ಗಿಯೋನ್ ಉತ್ಸವ ಅಂತ ತೇರಿನ ವಿಡಿಯೋ ನೋಡಿದೀನಿ. ಆ ತೇರುಗಳು ತಿರುವು ತಗೊಳ್ಳೋದು ನೋಡಿದ್ರೆ ಮೈ ಜುಮ್ ಅನ್ನುತ್ತೆ.

ಮಾವ: ದೊಡ್ಡ ತೇರು ಹನ್ನೆರಡು ಟನ್ ಹತ್ತಿರ, ತುದಿ ಇಪ್ಪತ್ತೈದು ಮೀಟರ್ ಎತ್ತರ. ಅಟ್ಟಣಿಗೆಗೆ ಮೊಳೆ ಹೊಡೆಯಲ್ಲ, ಹುಲ್ಲಿನ ಹಗ್ಗದಲ್ಲಿ ಬಿಗೀತಾರೆ. ಚಕ್ರ ಪಕ್ಕಕ್ಕೆ ತಿರುಗಲ್ಲ. ಮೂಲೆಗೆ ಬಂದಾಗ ಸೀಳಿದ ಬಿದಿರು ಹಾಸಿ, ನೀರು ಚೆಲ್ಲಿ, ಎಲ್ಲರೂ ಒಟ್ಟಿಗೆ ಪಕ್ಕದಿಂದ ಎಳೆದು ಜಾರಿಸ್ತಾರೆ. 869ರಲ್ಲಿ ಪಿಡುಗು ಬಂದಾಗ ಶುರುವಾದ ಹಬ್ಬ. ನಮ್ಮ ದಸರಾ ಕಡೆಯವನಿಗೆ ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನ ನಡೆಸೋರು ಯಾರು?

ಸೊಸೆ: ಸರ್ಕಾರ ಅಲ್ವಾ?

ಮಾವ: ಅಲ್ಲ. ಒಂದೊಂದು ತೇರು ಒಂದೊಂದು ಬೀದಿಯವರದು. ಅದರ ಮರ, ಹಗ್ಗ, ಹಿಂದಿನ ಕಾಲದಲ್ಲಿ ಹಡಗಿನಲ್ಲಿ ಬಂದ ಪರದೇಶದ ಪರದೆಗಳು, ಎಲ್ಲದಕ್ಕೂ ಆ ಬೀದಿಯ ಸಂಘ ಹೊಣೆ. ಹಡಗಿನ ಆಕಾರದ್ದೊಂದು ತೇರು 1864ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಉಳಿದ ಸಾಮಾನನ್ನ ಬೀದಿಯವರು ಜೋಪಾನ ಮಾಡಿಕೊಂಡು ಬಂದು, 150 ವರ್ಷ ಆದ ಮೇಲೆ, 2014ರಲ್ಲಿ ಮತ್ತೆ ಹೊರಡಿಸಿದ್ರು. ನಮ್ಮಲ್ಲಿ ದಸರಾ ಸಮಿತಿ, ಉಪಸಮಿತಿ, ಪಾಸು.

ಸೊಸೆ: ಪಾಸಿಗೋಸ್ಕರ ಮಂತ್ರಿಗಳ ಮನೆ ಬಾಗಿಲು. ಅಲ್ಲ ಮಾವ, ನಮ್ಮ ಬ್ಲಾಕಿನವರು ಗಣೇಶನನ್ನ ಕೂರಿಸೋಕೇ ಎರಡು ಬಣ ಆಗಿದ್ದಾರೆ. ಒಂದು ತೇರನ್ನ ನೂರೈವತ್ತು ವರ್ಷ ಕಾಯ್ತಾರಾ?

ಮಾವ: ಅವರಲ್ಲಿ ಬಣ ಇಲ್ಲ ಅಂತ ನಿನಗೆ ಯಾರು ಹೇಳಿದ್ರು? ಹೋಗಿ ಕೇಳು. ಹಬ್ಬದ ಹಿಂದಿನ ಸಂಜೆಗಳಲ್ಲಿ ತೇರಿನ ಪಕ್ಕದ ಮನೆಗಳು ಬಾಗಿಲು ತೆರೆದು ತಮ್ಮ ಹಳೇ ಪರದೆ, ಚಿತ್ರ ತೋರಿಸ್ತಾರೆ. ಆಗ ಮಾತಾಡೋರು ಸಿಗ್ತಾರೆ.

ಸೊಸೆ: ಹಾಗಾದ್ರೆ ಜುಲೈಗೇ ಹೋಗ್ತೀನಿ. ಬ್ಯಾಂಕಿನಲ್ಲಿ ರಜೆಗೆ ಅರ್ಜಿ ಹಾಕಬೇಕು.

ಮಾವ: ಜುಲೈ ಸೆಕೆ ರಾಯಚೂರಿನವರನ್ನೂ ಅಳಿಸುತ್ತೆ, ಸುತ್ತ ಬೆಟ್ಟ, ಗಾಳಿ ಆಡಲ್ಲ. ಛತ್ರಿ, ನೀರಿನ ಬಾಟಲಿ, ತೆಳು ಹತ್ತಿ ಬಟ್ಟೆ ತಗೊಂಡು ಹೋಗು. ಮೆರವಣಿಗೆ ಎರಡು ಸಲ, 17ಕ್ಕೆ ಮತ್ತು 24ಕ್ಕೆ. 24ರದ್ದಕ್ಕೆ ಜನ ಕಡಿಮೆ, ನಿನ್ನ ಹಡಗಿನ ತೇರೂ ಅವತ್ತೇ ಬರೋದು. 21ಕ್ಕೆ ತೋಜಿ ಸಂತೆ ಸಿಗುತ್ತೆ. ರೂಮು ಮಾತ್ರ ಇವತ್ತೇ ನೋಡು, ಆ ವಾರ ಊರಲ್ಲಿ ಜಾಗ ಇರಲ್ಲ.